ಗುಮಾಸ್ತೆಯ ಮೇಜಿನಿಂದ: ಪಟ್ಟಿಯಲ್ಲಿಲ್ಲದ ಹೆಸರು

ಕಳೆದ ಸಂಚಿಕೆಯಲ್ಲಿ ನಾವು ಬಾಡಿಗೆ ಮನೆಯ ಪಾಡನ್ನು ಬರೆದುದನ್ನು ಓದಿ ಸೋದರಿಯೊಬ್ಬರು, "ನಿಮ್ಮ ಅಂಕಣದಲ್ಲಿ ಗೊಣಗಾಟವೇ ಹೆಚ್ಚಾಯಿತು, ಒಬ್ಬ ಒಳ್ಳೆಯ ಮನುಷ್ಯನ ಕಥೆಯನ್ನಾದರೂ ಹೇಳಬಾರದೇ?" ಎಂದು ಕಾಗದ ಬರೆದಿದ್ದಾರೆ. ಆಪಾದನೆ ನಿಜ. ಗುಮಾಸ್ತೆಯ ಕೈಗೆ ಲೇಖನಿ ಬಂದರೆ ಅದು ಮೊದಲು ಬರೆಯುವುದು ಆಕ್ಷೇಪಣೆಯನ್ನೇ. ಆದ್ದರಿಂದ ಈ ಸಲ ಒಬ್ಬರಲ್ಲ, ಇಬ್ಬರು ಒಳ್ಳೆಯ ಮನುಷ್ಯರ ಕಥೆ. ಒಬ್ಬರು ನಮ್ಮ ಬೀದಿಯವರೇ. ಇನ್ನೊಬ್ಬರನ್ನು ನಾವು ಕಂಡವರಲ್ಲ. ಆದರೆ ಅವರ ಊರು ನಾವಿರುವ ದೆಹಲಿಗೆ ಹತ್ತಿರದ್ದು. ಇಬ್ಬರೂ ಸಿಪಾಯಿಗಳು.

ನಮ್ಮ ಬೀದಿಯವರನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ 'ಸುಬೇದಾರ್ ಅಜ್ಜ' ಎನ್ನುತ್ತೇವೆ. ಬೆಳಗಾವಿ ಸೀಮೆಯವರು; ವಯಸ್ಸು 86. ಹತ್ತೊಂಬತ್ತನೆಯ ವಯಸ್ಸಿಗೆ ಪಲ್ಟಣ ಸೇರಿ, 1965ರ ಹಾಗೂ 1971ರ ಯುದ್ಧಗಳೆರಡನ್ನೂ ಕಂಡವರು. ಪೆನ್ಶನ್ ಆದ ಮೇಲೆ ಸುಮ್ಮನೆ ಕೂರಲಿಲ್ಲ. ಇದೇ ದೆಹಲಿಯಲ್ಲಿ ಒಂದು ಉಗ್ರಾಣದ ಬಾಗಿಲಲ್ಲಿ ಇಪ್ಪತ್ತು ವರ್ಷ ರಾತ್ರಿ ಪಾಳಿಯ ಕಾವಲು ಕೆಲಸ ಮಾಡಿ, ಮೂವರು ಹೆಣ್ಣುಮಕ್ಕಳನ್ನು ಓದಿಸಿ ದಡ ಸೇರಿಸಿದರು. ಇಂದಿಗೂ ತಾರಸಿಯ ಮೇಲೆ ಎಣ್ಣೆ ಡಬ್ಬಗಳಲ್ಲಿ ಮೆಂತ್ಯ, ಬದನೆ, ಮೆಣಸಿನಕಾಯಿ ಬೆಳೆಯುತ್ತಾರೆ. ಮಣ್ಣು ಹೊರುವುದೂ ಅವರೇ, ನೀರು ಹೊರುವುದೂ ಅವರೇ. ಬೆಳೆದುದರಲ್ಲಿ ಅರ್ಧ ನಮ್ಮಂಥವರ ಮನೆಗೇ ಬರುತ್ತದೆ.

ಅಜ್ಜನವರ ದೇವರು ಪಂಢರಪುರದ ಪಾಂಡುರಂಗ. ಬೆಳಗಿನ ನಾಲ್ಕಕ್ಕೆ ಎದ್ದು, ದೆಹಲಿಯ ಪುಷ್ಯಮಾಸದ ಚಳಿಯಲ್ಲೂ ತಣ್ಣೀರು ಸ್ನಾನ. ಆಮೇಲೆ ತುಳಸಿ, ದೀಪ, ಮೆಲುದನಿಯಲ್ಲಿ ಎರಡು ಅಭಂಗ. ಅಭಂಗ ಮುಗಿದ ಮೇಲೂ ಕಣ್ಣು ಮುಚ್ಚಿ ಕೈಮುಗಿದು ಏನನ್ನೋ ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಗೋಡೆಯಾಚೆಯಿಂದ ಅದು ನಮಗೆ ಸ್ಪಷ್ಟವಾಗಿ ಕೇಳಿಸದು. ಯಾವುದೋ ಮಂತ್ರವಿರಬೇಕೆಂದು ಬಹಳ ವರ್ಷ ನಾವು ತಿಳಿದಿದ್ದೆವು.

ಪೆನ್ಶನ್ ಪಡೆಯುವವರು ಮನೆಯಲ್ಲಿರುವ ವಾಚಕರಿಗೆಲ್ಲ ನವೆಂಬರ್ ತಿಂಗಳೆಂದರೆ ಏನೆಂದು ಗೊತ್ತು. ಪ್ರತಿ ವರ್ಷ ಆ ತಿಂಗಳಲ್ಲಿ, ತಾವಿನ್ನೂ ಬದುಕಿದ್ದೇವೆಂದು ಅವರು ಸರ್ಕಾರಕ್ಕೆ ತೋರಿಸಿಕೊಡಬೇಕು. 2014ರ ನವೆಂಬರಿನಿಂದ ಇದಕ್ಕೆ ಯಂತ್ರದ ವ್ಯವಸ್ಥೆಯೂ ಬಂದಿದೆ. ಗಾಜಿನ ಮೇಲೆ ಬೆರಳಿಟ್ಟರೆ ಸಾಕು, ಬೆರಳಿನ ರೇಖೆಯನ್ನು ನೋಡಿ ಯಂತ್ರ ಪ್ರಮಾಣಪತ್ರ ಕೊಡುತ್ತದೆ. ಕಳೆದ ನವೆಂಬರಿನಲ್ಲಿ ಅಜ್ಜನವರ ಜೊತೆಗೆ ನಾವೂ ರಜೆ ಹಾಕಿ ಹೋಗಿದ್ದೆವು. ಬಲಗೈ ಹೆಬ್ಬೆರಳಿಟ್ಟರು, ಯಂತ್ರ ಕೆಂಪು ದೀಪ ತೋರಿಸಿತು. ಎಡಗೈ ಹೆಬ್ಬೆರಳು, ಮತ್ತೆ ಕೆಂಪು. ಒರೆಸಿ ಇಟ್ಟರು, ಎಣ್ಣೆ ಸವರಿ ಇಟ್ಟರು, ಹತ್ತು ಬೆರಳೂ ಆದವು. ಆರು ದಶಕ ಬಂದೂಕು, ಸಲಿಕೆ, ಬಕೆಟ್ಟು ಹಿಡಿದ ಕೈ. ಬೆರಳ ತುದಿಯಲ್ಲಿ ರೇಖೆಯೇ ಸವೆದುಹೋಗಿದೆ!

ಮೇಜಿನ ಹಿಂದಿದ್ದ ಹುಡುಗ ಕೆಟ್ಟವನೇನಲ್ಲ. "ನಾನೇನು ಮಾಡಲಿ ಬಾಬೂಜಿ, ಯಂತ್ರ ಒಪ್ಪುತ್ತಿಲ್ಲ" ಎಂದು ಹಿಂದಿಯಲ್ಲಿ ಹೇಳಿ ಮುಂದಿನವರನ್ನು ಕರೆದ. ನಮಗೆ ಸಿಟ್ಟು ಬಂತು. ಅಜ್ಜನವರಿಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತು, ಪಂಚೆಯ ಅಂಚಿನಿಂದ ಬೆರಳ ಎಣ್ಣೆ ಒರೆಸಿಕೊಳ್ಳುತ್ತ, "ಹೋಗ್ಲಿ ಬಿಡ್ರಿ ತಮ್ಮಾ. ಉಮರಾವ್ ಸಿಂಗ್ ಅಂತ ಒಬ್ಬರಿದ್ರು, ತೋಪಖಾನೆಯವರು. ನಮಗಿಂತ ಹಿಂದಿನ ಕಾಲದವರು. ಲಂಡನ್‌ದಾಗ ಅವರ ಹೆಸರೂ ಪಟ್ಟಿಯೊಳಗ ಇರಲಿಲ್ಲಂತ. ಅಂಥಾವ್ರಿಗೇ ಹಂಗಾತಂದ್ರ ನಮ್ಮದೇನು ದೊಡ್ಡ ಮಾತು?" ಎಂದರು.

ಯಾರು ಈ ಉಮರಾವ್ ಸಿಂಗ್? ನಮಗೆ ಗೊತ್ತಿರಲಿಲ್ಲ. ಬಿ.ಎ. ಪರೀಕ್ಷೆಗೆ ನಾವು ಓದಿದ ಇತಿಹಾಸದಲ್ಲಿ ಸೇನಾಪತಿಗಳ ಹೆಸರಿತ್ತು, ಹವಾಲ್ದಾರರ ಹೆಸರಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದೆವು. ಓದಿದ್ದನ್ನು ವಾಚಕರ ಮುಂದಿಡುತ್ತೇವೆ.

ಉಮರಾವ್ ಸಿಂಗ್ ಹುಟ್ಟಿದ್ದು 1920ರಲ್ಲಿ, ಪಲ್ರಾ ಎಂಬ ಹಳ್ಳಿಯಲ್ಲಿ. ಅದು ದೆಹಲಿಯ ಪಶ್ಚಿಮಕ್ಕೆ ಝಜ್ಜರ್ ಕಡೆಯದು. ಅಂದು ರೋಹ್‌ತಕ್ ಜಿಲ್ಲೆ, ಪಂಜಾಬ್ ಪ್ರಾಂತ, ಇಂದು ಹರಿಯಾಣ. ಮನೆತನ ಬೇಸಾಯದ್ದು. ಊರ ಶಾಲೆಯಲ್ಲಿ ಒಂದಿಷ್ಟು ಓದಿ, 1939ರಲ್ಲಿ ಸೈನ್ಯ ಸೇರಿದರು. ಅದೇ ವರ್ಷ ಎರಡನೆಯ ಮಹಾಯುದ್ಧ ಮೊದಲಾಗಿತ್ತು. ಆ ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಮಂದಿ ಇದ್ದರು. ಯಾರನ್ನೂ ಕಾನೂನಿನಿಂದ ಬಲವಂತವಾಗಿ ಸೇರಿಸಿದ್ದಲ್ಲ. ಅವರಲ್ಲಿ ಬಹುಮಂದಿ ಹೀಗೆಯೇ ನೇಗಿಲು ಬಿಟ್ಟು ಬಂದವರು.

ಅವರು ಸೇರಿದ್ದು ಬೆಟ್ಟದ ತೋಪಖಾನೆ. ಚಿಕ್ಕ ಫಿರಂಗಿಯನ್ನು ಭಾಗಭಾಗವಾಗಿ ಬಿಚ್ಚಿ ಹೇಸರಗತ್ತೆಯ ಬೆನ್ನಿಗೆ ಹೇರಿ, ರಸ್ತೆಯಿಲ್ಲದ ಕಾಡು ಬೆಟ್ಟಗಳಲ್ಲಿ ಒಯ್ದು ಮತ್ತೆ ಜೋಡಿಸಿ ಹಾರಿಸುವ ದಳ. 1944ರ ಡಿಸೆಂಬರ್ 15, 16ರಂದು ಬರ್ಮಾದ ಅರಕಾನ್ ಸೀಮೆಯ ಕಲಾದಾನ್ ಕಣಿವೆಯಲ್ಲಿ ಇಂಥದೊಂದು ಫಿರಂಗಿಗೆ ಹವಾಲ್ದಾರ್ ಉಮರಾವ್ ಸಿಂಗ್ ಮುಖ್ಯಸ್ಥರು. ಜೊತೆಗಿದ್ದ ಕಾಲಾಳುಗಳು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನವರು, ಎಂದರೆ ಇಂದಿನ ಘಾನಾ ದೇಶದವರು. ಹರಿಯಾಣದ ರೈತ, ಆಫ್ರಿಕದ ರೈತ, ಎದುರಿಗೆ ಜಪಾನಿನ ರೈತ; ನೆಲ ಮಾತ್ರ ಬರ್ಮಾದ ರೈತನದು! ಯುದ್ಧವೆಂಬುದರ ವಿಚಿತ್ರವೇ ಇದು.

ಒಂದೂವರೆ ಗಂಟೆ ಕಾಲ ಶತ್ರುವಿನ ಗುಂಡಿನ ಮಳೆ ಸುರಿಯಿತು. ಅದರ ಬೆನ್ನಿಗೆ ಕಡಮೆಯೆಂದರೂ ಎರಡು ಕಂಪನಿ ಜಪಾನೀ ಸೈನಿಕರು ಆ ಫಿರಂಗಿಯ ಮೇಲೆ ಏರಿಬಂದರು. ಕೈಬಾಂಬುಗಳಿಂದ ಗಾಯಗೊಂಡಿದ್ದರೂ ಉಮರಾವ್ ಸಿಂಗರು ಬ್ರೆನ್ ಬಂದೂಕು ಹಿಡಿದು, ತಮ್ಮವರ ಕೈಲಿ ಗುಂಡು ಹಾರಿಸುತ್ತ ಮೊದಲ ದಾಳಿಯನ್ನು ಹಿಮ್ಮೆಟ್ಟಿಸಿದರು. ಎರಡನೆಯ ದಾಳಿಯಲ್ಲಿ ಅವರೂ ಇನ್ನಿಬ್ಬರೂ ಹೊರತು ಉಳಿದ ಗೋಲಂದಾಜರೆಲ್ಲ ನೆಲಕ್ಕುರುಳಿದರು. ಮೂರನೆಯ ದಾಳಿಯ ಹೊತ್ತಿಗೆ ಗುಂಡುಗಳೇ ಮುಗಿದಿದ್ದವು. ಫಿರಂಗಿಯನ್ನು ಎತ್ತಲು ಬಳಸುವ, ನಮ್ಮ ಹಾರೆಯಂಥ ದಪ್ಪ ಕಬ್ಬಿಣದ ಸಲಾಕೆ ಪಕ್ಕದಲ್ಲಿತ್ತು. ಅದನ್ನೇ ಎತ್ತಿಕೊಂಡು ಕೈಕೈ ಕಾಳಗಕ್ಕೆ ನಿಂತರು. ಮೂವರನ್ನು ಕೆಡವಿದ್ದನ್ನು ಕಂಡವರಿದ್ದಾರೆ. ಆಮೇಲೆ ಏಟುಗಳ ಮಳೆಯಲ್ಲಿ ತಾವೂ ಬಿದ್ದರು.

ಆರು ಗಂಟೆಗಳ ಮೇಲೆ ನಮ್ಮ ಕಡೆಯವರು ಆ ಜಾಗವನ್ನು ಮತ್ತೆ ಹಿಡಿದಾಗ ಫಿರಂಗಿಯ ಪಕ್ಕದಲ್ಲಿ ಅವರು ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ಮೈಮೇಲೆ ಏಳು ಭಾರಿ ಗಾಯ. ಮುಖ ಗುರುತು ಸಿಗದಂತಾಗಿತ್ತು. ಕೈಯಲ್ಲಿ ಸಲಾಕೆ ಹಾಗೆಯೇ ಇತ್ತು. ಸುತ್ತ ಹತ್ತು ಜಪಾನೀ ಸೈನಿಕರ ಶವಗಳು. ಅವರು ಕಾದ ಫಿರಂಗಿ ಅದೇ ದಿನ ಮತ್ತೆ ಕೆಲಸಕ್ಕೆ ಬಂತು.

ಇಲ್ಲೊಂದು ಮಾತು, ನಮ್ಮ ಕನ್ನಡಿಗರಿಗಾಗಿ. ಇದಾದ ಒಂದೇ ತಿಂಗಳಿಗೆ, 1945ರ ಜನವರಿಯಲ್ಲಿ, ಅದೇ ಅರಕಾನಿನ ಕಾಂಗಾವ್ ಎಂಬಲ್ಲಿ ದೊಡ್ಡ ಕಾಳಗ ನಡೆಯಿತು. ಅಲ್ಲಿ ಒಂದು ಪಲ್ಟಣವನ್ನು ನಡೆಸಿದವರು ಕೊಡಗಿನ ತಿಮ್ಮಯ್ಯನವರು, ಮುಂದೆ ಭಾರತದ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ. ನಾವು ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ; ಹೇಳಬೇಕಾದದ್ದೇ. ಅದೇ ಚಳಿಗಾಲದಲ್ಲಿ ಅದೇ ಸೀಮೆಯಲ್ಲಿ ಸಲಾಕೆ ಹಿಡಿದು ನಿಂತ ಹವಾಲ್ದಾರನನ್ನೂ ಅವರ ಜೊತೆಗೆ ನೆನೆದರೆ ತಿಮ್ಮಯ್ಯನವರ ಗೌರವವೇನೂ ಕಡಮೆಯಾಗದು.

ಉಮರಾವ್ ಸಿಂಗರಿಗೆ ದೊರೆತದ್ದು ವಿಕ್ಟೋರಿಯಾ ಕ್ರಾಸ್. 1945ರ ಅಕ್ಟೋಬರಿನಲ್ಲಿ ಲಂಡನ್ನಿನ ಅರಮನೆಯಲ್ಲಿ ಆರನೆಯ ಜಾರ್ಜ್ ದೊರೆ ತನ್ನ ಕೈಯಿಂದಲೇ ಅದನ್ನು ಅವರ ಎದೆಗೆ ಸಿಕ್ಕಿಸಿದ. ಬ್ರಿಟಿಷ್ ಸೇನೆಯಲ್ಲಿ ಅದಕ್ಕಿಂತ ಮೇಲಾದ ಶೌರ್ಯ ಪದಕವಿಲ್ಲ. 1856ರಲ್ಲಿ ಅದನ್ನು ಸ್ಥಾಪಿಸಿದರೂ ಭಾರತೀಯ ಸಿಪಾಯಿಗಳು ಅದಕ್ಕೆ ಅರ್ಹರೆಂದು ಆ ಸರ್ಕಾರಕ್ಕೆ ತೋರಿದ್ದು 1911ರಲ್ಲಿ! ನೋಡಲು ಅದು ಬಂಗಾರವೂ ಅಲ್ಲ, ಬೆಳ್ಳಿಯೂ ಅಲ್ಲ. ಕಂದು ಬಣ್ಣದ ಕಂಚಿನ ತುಂಡು, ಮೇಲೊಂದು ಕೆಂಪು ಪಟ್ಟಿ. ಗೊತ್ತಿಲ್ಲದವನ ಕಣ್ಣಿಗೆ ಸಂತೆಯಲ್ಲಿ ಕೊಂಡ ಬಿಲ್ಲೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತಲ್ಲವೇ? ಸಿನಿಮಾದಲ್ಲಾದರೆ ಇಲ್ಲಿಯೇ 'ಶುಭಂ' ಬೀಳುತ್ತದೆ. ಆದರೆ ಉಮರಾವ್ ಸಿಂಗರಿಗೆ ಆಗ ಇಪ್ಪತ್ತೈದೇ ವರ್ಷ. ಮುಂದೆ ಅವರು ಬದುಕಿದ್ದು ಅರವತ್ತು ವರ್ಷ. ಶೌರ್ಯ ಒಂದು ರಾತ್ರಿಯದು, ಸಂಸಾರ ಅರವತ್ತು ವರ್ಷದ್ದು. ನಮಗೆ ಹೆಚ್ಚು ಹಿಡಿಸಿದ್ದು ಈ ಎರಡನೆಯ ಭಾಗವೇ.

ಯುದ್ಧ ಮುಗಿದ ಮೇಲೆ ಊರಿಗೆ ಹೋದವರು, ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಸೇನೆಗೆ ಬಂದರು. 1949ರ ಜನವರಿ 15ರಂದು ಆ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ನಮ್ಮ ಕೊಡಗಿನ ಕಾರ್ಯಪ್ಪನವರೆಂಬುದು ವಾಚಕರಿಗೆ ಗೊತ್ತೇ ಇದೆ. 1970ರಲ್ಲಿ ಉಮರಾವ್ ಸಿಂಗರು ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದರು. ಮರಳಿದ್ದು ಪಲ್ರಾ ಹಳ್ಳಿಗೆ; ಅಲ್ಲಿದ್ದದ್ದು ಎರಡು ಎಕರೆಯಷ್ಟು ಜಮೀನು. ಎರಡು ಎಕರೆಯಲ್ಲಿ ಹೆಂಡತಿ ಮಕ್ಕಳನ್ನು ಸಾಕುವುದೆಂದರೇನೆಂದು ಹಳ್ಳಿಯಿಂದ ಬಂದ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಎಷ್ಟೋ ವರ್ಷ ನಡೆಯಿತು.

ಈ ನಡುವೆ ಪದಕವನ್ನು ಕೊಳ್ಳುವೆವೆಂದು ಕೇಳಿಕೊಂಡು ಬಂದವರಿದ್ದರು. ಹಳೆಯ ಪದಕಗಳನ್ನು ಸಂಗ್ರಹಿಸುವ ಶ್ರೀಮಂತರು ಪರದೇಶಗಳಲ್ಲಿದ್ದಾರೆ. ವಿಕ್ಟೋರಿಯಾ ಕ್ರಾಸ್ ಎಂದರೆ ಅವರು ರಾಶಿ ಹಣ ಸುರಿಯುತ್ತಾರೆ. ಕೈಬಿಗಿಯಿದ್ದ ಸಂಸಾರ; ಪೆಟ್ಟಿಗೆಯಲ್ಲಿ ಕಂಚಿನ ತುಂಡು. ಮಾರಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಉಮರಾವ್ ಸಿಂಗರು ಮಾರಲಿಲ್ಲ. ಮಾರಿದರೆ ಆ ಯುದ್ಧದಲ್ಲಿ ಬಿದ್ದವರ ಮಾನಕ್ಕೆ ಕಳಂಕ ಎಂಬುದು ಅವರು ಕೊಟ್ಟ ಕಾರಣ. ಪದಕ ತನ್ನ ಹೆಸರಿನಲ್ಲಿದ್ದರೂ ಅದು ತನ್ನೊಬ್ಬನದಲ್ಲ ಎಂದು ಅವರು ತಿಳಿದಿದ್ದರು. ಭಕ್ತಿಯೆಂಬುದು ಗುಡಿಯಲ್ಲಿ ಮಾತ್ರ ಇರತಕ್ಕದ್ದೆಂದು ನಾವು ಭಾವಿಸುತ್ತೇವೆ. ಹಸಿವಿನ ಎದುರಿಗೆ ಒಂದು ಪೆಟ್ಟಿಗೆಯ ಮುಚ್ಚಳ ತೆರೆಯದೆ ಕೂರುವುದೂ ಭಕ್ತಿಯೇ.

ಇನ್ನು ಅಜ್ಜನವರು ಹೇಳಿದ ಪಟ್ಟಿಯ ಸಂಗತಿ. 1995ರಲ್ಲಿ, ಯುದ್ಧ ಮುಗಿದು 50 ವರ್ಷವಾದುದಕ್ಕೆ ಲಂಡನ್ನಿನಲ್ಲಿ ದೊಡ್ಡ ಸಮಾರಂಭ ನಡೆಯಿತು. ಉಮರಾವ್ ಸಿಂಗರೂ ಹೋದರು. ಗಣ್ಯರ ಡೇರೆಯ ಬಾಗಿಲಲ್ಲಿದ್ದವರು ಪಟ್ಟಿ ತಿರುವಿದರು, ಇವರ ಹೆಸರಿರಲಿಲ್ಲ. ಇನ್ನೇನು ಹಿಂದಕ್ಕೆ ಕಳಿಸುವುದರಲ್ಲಿದ್ದಾಗ ಅಲ್ಲಿನ ಸೇನಾಧಿಕಾರಿಯೊಬ್ಬರ ಕಣ್ಣು ಮುದುಕರ ಎದೆಯ ಮೇಲಿದ್ದ ಕಂಚಿನ ತುಂಡಿನ ಮೇಲೆ ಬಿತ್ತು. ಅದೇನೆಂದು ಅವರಿಗೆ ಗೊತ್ತಿತ್ತು. ಕೂಡಲೇ ಒಳಗೆ ಕರೆದೊಯ್ದರು.

ಒಳಗೆ ಹೋದವರು ಊಟ ಮಾಡಿ, ಫೋಟೋ ತೆಗೆಸಿಕೊಂಡು ಬರಲಿಲ್ಲ. ಅಂದಿನ ಬ್ರಿಟಿಷ್ ಪ್ರಧಾನಿ ಜಾನ್ ಮೇಜರ್ ಅವರನ್ನು ಕಂಡು ಪದಕದ ವರ್ಷಾಶನದ ಮಾತೆತ್ತಿದರು. ಆಗ ಆ ಪದಕ ಪಡೆದ ಭಾರತೀಯರು ಹತ್ತು ಮಂದಿ ಬದುಕಿದ್ದರು. ಅವರಿಗೆ ಬರುತ್ತಿದ್ದದ್ದು ವರ್ಷಕ್ಕೆ 168 ಪೌಂಡು, 1960ರಿಂದಲೂ ಅಷ್ಟೇ. ಗುಮಾಸ್ತೆಯ ಲೆಕ್ಕ ಹಾಕಿ ನೋಡೋಣ. ಅಂದು ಪೌಂಡಿಗೆ 50 ರೂಪಾಯಿಯ ಆಸುಪಾಸು. ವರ್ಷಕ್ಕೆ 8,400 ರೂಪಾಯಿ, ತಿಂಗಳಿಗೆ 700. ಮೂವತ್ತೈದು ವರ್ಷಗಳಲ್ಲಿ ಅಕ್ಕಿ, ಗೋಧಿ, ಬೇಳೆಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು! ವರ್ಷಾಶನ ಮಾತ್ರ ಕದಲಿರಲಿಲ್ಲ. ಮುದುಕರು ಕೇಳಿದ ಮೇಲೆ ಅದು 1,300 ಪೌಂಡಿಗೆ ಏರಿತು. ಅವರೊಬ್ಬರಿಗಲ್ಲ, ಹತ್ತು ಮಂದಿಗೂ. ಬಾಗಿಲಲ್ಲಿ ತಡೆಯಲ್ಪಟ್ಟ ಮನುಷ್ಯ ಒಳಗೆ ಹೋಗಿ ಒಂಬತ್ತು ಜನರ ಮಾತನ್ನೂ ತನ್ನ ಜೊತೆಗೆ ಆಡಿ ಬಂದರು.

ಮೂವತ್ತೈದು ವರ್ಷ ಆ ಕಾಗದ ಏಕೆ ಕದಲಲಿಲ್ಲ? ಯಾರೋ ಒಬ್ಬ ದುಷ್ಟ ತಡೆದಿದ್ದನೆಂದು ನಮಗೆ ತೋರುವುದಿಲ್ಲ. ಕಚೇರಿಯ ಒಳಗಿನವರಾದ ನಮಗೆ ಆ ಗುಟ್ಟು ಗೊತ್ತು. ಕಾಗದ ನಿಲ್ಲಲು ದುಷ್ಟನೇ ಬೇಕಾಗಿಲ್ಲ. 'ನನ್ನ ಮೇಜಿನದಲ್ಲ' ಎನ್ನುವ ಸಭ್ಯರು ನಾಲ್ಕು ಮಂದಿ ಇದ್ದರೆ ಸಾಕು.

ಇಲ್ಲಿ ನಾವೂ ಒಂದು ತಪ್ಪೊಪ್ಪಿಗೆ ಬರೆಯಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ವಿಧವೆಯ ಪೆನ್ಶನ್ ಅರ್ಜಿ ನಮ್ಮ ಮೇಜಿಗೆ ಬಂದಿತ್ತು. ಒಂದು ಕಾಗದದಲ್ಲಿ ಗಂಡನ ಹೆಸರಿಗೆ ಒಂದಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಇರಲಿಲ್ಲ. ನಿಯಮದಂತೆ ನಾವು ಆಕ್ಷೇಪಣೆ ಬರೆದು ಹಿಂದಿರುಗಿಸಿದೆವು. ಆಕೆ ತಿದ್ದಿಸಿ ತಂದರು. ಬೇರೊಂದು ಕೊರತೆ ಕಾಣಿಸಿತು. ಹೀಗೆ ಮೂರು ಸಲ. ಮೂರೂ ಕೊರತೆಗಳನ್ನು ಮೊದಲ ದಿನವೇ ಒಟ್ಟಿಗೆ ಹೇಳಬಹುದಿತ್ತು. ನಾವು ಹೇಳಲಿಲ್ಲ, ಅಷ್ಟು ದೂರ ಓದಿರಲಿಲ್ಲ. ನಾಲ್ಕನೆಯ ಸಲ ಆಕೆ ಬರಲಿಲ್ಲ, ಮಗ ಬಂದ. ಅವನ ಕೈಯಲ್ಲಿದ್ದದ್ದು ತಾಯಿಯ ಮರಣದ ಪ್ರಮಾಣಪತ್ರ. ಅವನು ನಮ್ಮನ್ನು ಬೈಯಲಿಲ್ಲ; "ಇನ್ನು ಯಾವ ಕಾಗದ ಬೇಕು ಸಾರ್?" ಎಂದು ಮಾತ್ರ ಕೇಳಿದ. ಅಂದಿನಿಂದ ನಾವು ಯಾವ ಅರ್ಜಿಯನ್ನೂ ಕೊನೆಯ ಹಾಳೆಯವರೆಗೆ ಓದದೆ ಆಕ್ಷೇಪಣೆ ಬರೆದಿಲ್ಲ. ಇದು ದೊಡ್ಡಸ್ತಿಕೆಯಲ್ಲ, ಮೊದಲೇ ಮಾಡಬೇಕಾಗಿದ್ದ ಕೆಲಸ.

ಉಮರಾವ್ ಸಿಂಗರು 2005ರ ನವೆಂಬರ್ 21ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಭಾರತೀಯ ವಿಕ್ಟೋರಿಯಾ ಕ್ರಾಸ್ ವೀರರಲ್ಲಿ ಅಂದು ಉಳಿದಿದ್ದ ಕೊನೆಯವರು ಅವರೇ. ಹುಟ್ಟಿದ ಹಳ್ಳಿಯಲ್ಲೇ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಸೇನಾ ಮುಖ್ಯಸ್ಥರೇ ಹಳ್ಳಿಗೆ ಬಂದಿದ್ದರು. ಒಳ್ಳೆಯದೇ ಆಯಿತು. ಆದರೆ ಸತ್ತವರಿಗೆ ಕಹಳೆ ಊದುವುದು ಸುಲಭ. ಬದುಕಿರುವವರ ಕಾಗದ ಹುಡುಕುವುದು ಕಷ್ಟ. ಕಾರ್ಯಪ್ಪನವರಂಥ ದೊಡ್ಡವರೂ ನಿವೃತ್ತರಾದ ಮೇಲೆ ಮಾಜಿ ಸಿಪಾಯಿಗಳ ಹಿತಕ್ಕಾಗಿ ಓಡಾಡಿದರೆಂಬುದನ್ನು ನೆನೆದರೆ, ಈ ಕೆಲಸ ಎಷ್ಟು ಹಳೆಯದು, ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ.

ಈಗ ಮತ್ತೆ ನಮ್ಮ ಬೀದಿಗೆ. ಮೂರು ದಿನ ಬಿಟ್ಟು ಅಜ್ಜನವರನ್ನು ಇನ್ನೊಮ್ಮೆ ಕರೆದುಕೊಂಡು ಹೋದೆವು. ಈ ಬಾರಿ ನಾವು ನಿಯಮಗಳನ್ನು ಓದಿಕೊಂಡು ಹೋಗಿದ್ದೆವು. ಬೆರಳು ಒಪ್ಪದಿದ್ದರೆ ಮುಖ ನೋಡಿ ಗುರುತಿಸುವ ಏರ್ಪಾಡು 2021ರಿಂದ ಇದೆ. ಮೊಬೈಲ್ ಫೋನಿನಲ್ಲೇ ಆಗುತ್ತದೆ. ಅದೇ ಹುಡುಗ ಫೋನನ್ನು ಅಜ್ಜನವರ ಮುಖದೆದುರು ಹಿಡಿದು, "ಕಣ್ಣು ಮಿಟುಕಿಸಿ ಬಾಬೂಜಿ" ಎಂದ. ಅಜ್ಜ ಕಣ್ಣು ಮಿಟುಕಿಸಿದರು, ಯಂತ್ರ ಒಪ್ಪಿತು. ಹೊರಗೆ ಬಂದ ಮೇಲೆ ಅಜ್ಜ ನಕ್ಕು, "ಇನ್ನೊಂದು ವರ್ಷ ಬದುಕಾಕ ಸರಕಾರದ ಅಪ್ಪಣೆ ಆತು ನೋಡ್ರಿ" ಎಂದರು.

ಮರುದಿನ ಬೆಳಿಗ್ಗೆ ಪ್ರಸಾದ ತಂದುಕೊಟ್ಟಾಗ ನಾವು ಧೈರ್ಯ ಮಾಡಿ ಕೇಳಿದೆವು: "ಅಜ್ಜಾ, ಅಭಂಗವಾದ ಮೇಲೆ ತಾವು ಹೇಳಿಕೊಳ್ಳುವುದು ಯಾವ ಮಂತ್ರ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಂತ್ರ ಅಲ್ರಿ ತಮ್ಮಾ, ಹೆಸರು. ಐದು ಮಂದಿ. ನನ್ನ ಕೂಡ ಹೋದಾವ್ರು, ತಿರುಗಿ ಬರಲಿಲ್ಲ. ಅವರು ಉಣ್ಣಬೇಕಾದ ಅನ್ನ ನಾ ಒಬ್ಬನೇ ಉಣ್ಣಾಕತ್ತೀನಿ ಅಂತ ಒಮ್ಮೊಮ್ಮೆ ಅನ್ನಿಸ್ತದ. ಅದಕ್ಕ ದಿನಾ ಒಮ್ಮೆ ವಿಠ್ಠಲನ ಮುಂದ ಹಾಜರಿ ಹಾಕಸ್ತೀನಿ" ಎಂದರು.

ಆ ಐದು ಹೆಸರುಗಳನ್ನು ಅವರು ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಓದುಗ ಬಂಧುಗಳಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಪೆನ್ಶನ್ ಪಡೆಯುವ ಹಿರಿಯರಿದ್ದರೆ, ಈ ನವೆಂಬರಿನಲ್ಲಿ ಒಂದು ದಿನ ರಜೆ ಹಾಕಿ ಅವರ ಜೊತೆ ಹೋಗಿ. ಎಂಬತ್ತು ದಾಟಿದವರಾದರೆ ಅಕ್ಟೋಬರ್ 1ರಿಂದಲೇ ಹೋಗಬಹುದು, ನೂಕುನುಗ್ಗಲು ಇರದು. ಸಾಲಿನಲ್ಲಿ ನಿಂತಿರುವಾಗ ಅವರ ಕಥೆ ಕೇಳಿ. ಮತ್ತು ನಮ್ಮಂತೆ ಮೇಜಿನ ಹಿಂದೆ ಕುಳಿತವರು ನೀವಾಗಿದ್ದರೆ, ಪಟ್ಟಿಯಲ್ಲಿ ಹೆಸರಿಲ್ಲವೆನ್ನುವ ಮೊದಲು ಒಮ್ಮೆ ತಲೆಯೆತ್ತಿ ಎದುರಿಗಿರುವವರ ಮುಖ ನೋಡಿ.

ಕಾಗದ ಬರೆದ ಸೋದರಿಗೆ ವಂದನೆಗಳು. ಮುಂದಿನ ಸಂಚಿಕೆಯಲ್ಲಿ ಮತ್ತೆ ಗೊಣಗುತ್ತೇವೆ.